ಬಾಣಸಿಗರಿಗಾಗಿ ಬೆಳೆಯುವ ಪುಟ್ಟ ಸುಸ್ಥಿರ ತೋಟ: ಪದೇ ಪದೇ ಕೇಳುವ ಪ್ರಶ್ನೆಗಳು

ಸಗಟು ಮಾರುಕಟ್ಟೆಗೆ ಬೆಳೆಯುವುದಕ್ಕೂ ಬಾಣಸಿಗರಿಗೆ ಬೆಳೆಯುವುದಕ್ಕೂ ಇರುವ ವ್ಯತ್ಯಾಸವೇನು?

ಸಗಟು ಮಾರುಕಟ್ಟೆಯಲ್ಲಿ ಬೆಲೆ ಸಿಗುವುದು ತೂಕಕ್ಕೆ. ಒಳ್ಳೆಯ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಬೆಲೆ ಸಿಗುವುದು ಹದಕ್ಕೆ. ಒಂದು ಮಡಿಯ ಕ್ಯಾರೆಟ್ಟನ್ನು ಕಿರುಬೆರಳಿನ ಗಾತ್ರದಲ್ಲಿ ಕಿತ್ತು, ಸೊಪ್ಪಿನ ಬುಡವನ್ನು ಎರಡು ಸೆಂಟಿಮೀಟರಿನಷ್ಟು ಉಳಿಸಿ ಕೊಟ್ಟರೆ ಅದು ತಟ್ಟೆಯ ಮೇಲೆ ಇಡಿಯಾಗಿ ಕೂರುವ ಪದಾರ್ಥವಾಗುತ್ತದೆ. ಮೂರು ವಾರ ಬಿಟ್ಟು ಕಿತ್ತರೆ ಅದೇ ಕ್ಯಾರೆಟ್ ಎಲ್ಲರ ಕ್ಯಾರೆಟ್ಟಿನ ಜೊತೆ ತಕ್ಕಡಿಗೆ ಬೀಳುತ್ತದೆ. ಈ ಕೃಷಿಯ ಗುಟ್ಟೆಲ್ಲ ಅಪರೂಪದ ತಳಿಯಲ್ಲಿದೆ ಎಂದುಕೊಂಡು ಬರುವವರೇ ಹೆಚ್ಚು. ಅಪರೂಪದ ಬೀಜವನ್ನು ಯಾರು ಬೇಕಾದರೂ ಕೊಳ್ಳಬಹುದು. ಒಂದೇ ಗಾತ್ರದ, ಒಂದೇ ಎಳಸಿನ ಮಾಲನ್ನು ವಾರಕ್ಕೆ ಎರಡು ಸಲ, ತಿಂಗಳುಗಟ್ಟಲೆ, ಹೇಳಿದ ಹೊತ್ತಿಗೆ ತಲುಪಿಸಬಲ್ಲವರು ಕಡಿಮೆ. ಬಾಣಸಿಗರು ದುಡ್ಡು ಕೊಡುವುದು ಮುಖ್ಯವಾಗಿ ಈ ಭರವಸೆಗೆ.

ಅಮೆರಿಕದ ಓಹಾಯೊ ರಾಜ್ಯದ ಹ್ಯೂರನ್‌ನಲ್ಲಿರುವ ಜೋನ್ಸ್ ಕುಟುಂಬದ ತೋಟ ಈ ಕ್ಷೇತ್ರದಲ್ಲಿ ಬಹಳ ಹೆಸರುವಾಸಿ. 1980ರ ದಶಕದಲ್ಲಿ ಆಲಿಕಲ್ಲು ಮಳೆಗೆ ಬೆಳೆಯೆಲ್ಲ ನೆಲಕಚ್ಚಿ, ಆಸ್ತಿಯನ್ನೂ ಕಳೆದುಕೊಂಡ ಆ ಕುಟುಂಬ, ಬಾಣಸಿಗರೊಬ್ಬರು ಕುಂಬಳ ಜಾತಿಯ ಹೂ ಬೇಕೆಂದು ಹುಡುಕಿಕೊಂಡು ಬಂದದ್ದೇ ನೆಪವಾಗಿ, ಸಗಟು ವ್ಯಾಪಾರವನ್ನು ಬಿಟ್ಟು ಅಡುಗೆಮನೆಗಳಿಗಾಗಿಯೇ ಬೆಳೆಯುವ ದಾರಿಗೆ ಹೊರಳಿತು.

ಎಷ್ಟು ಭೂಮಿ ಬೇಕು?

ಹೊಸಬರು ಅಂದುಕೊಳ್ಳುವುದಕ್ಕಿಂತ ಬಹಳ ಕಡಿಮೆ ಸಾಕು. 19ನೆಯ ಶತಮಾನದ ಪ್ಯಾರಿಸ್ಸಿನ ತರಕಾರಿ ತೋಟಗಾರರು ಒಂದೆರಡು ಎಕರೆ ನೆಲದಲ್ಲೇ, ಕುದುರೆ ಲದ್ದಿಯ ಕಾವಿನ ಮೇಲೆ ಬಿಸಿಮಡಿ ಕಟ್ಟಿ, ಗಾಜಿನ ಮುಚ್ಚಳಗಳ ಅಡಿಯಲ್ಲಿ ಚಳಿಗಾಲದಲ್ಲೂ ಎಳೆ ತರಕಾರಿ ತೆಗೆಯುತ್ತಿದ್ದರು. ಈಗಿನ ಸಣ್ಣ ತೋಟಗಳಲ್ಲಿ ಸುಮಾರು 75 ಸೆಂಟಿಮೀಟರ್ ಅಗಲದ ಕಾಯಂ ಮಡಿ, ನಡುವೆ 30ರಿಂದ 45 ಸೆಂಟಿಮೀಟರ್ ಕಾಲುದಾರಿ ಎಂಬ ವಿನ್ಯಾಸ ಚಾಲ್ತಿಯಲ್ಲಿದೆ. ಈ ಅಗಲದ ಮಡಿಯನ್ನು ಕಾಲು ಚಾಚಿ ದಾಟಬಹುದು, ಎರಡೂ ಬದಿಯಿಂದ ನಡುಭಾಗಕ್ಕೆ ಕೈ ಎಟುಕುತ್ತದೆ, ಮಡಿಯ ಮಣ್ಣನ್ನು ಯಾರೂ ತುಳಿಯುವುದಿಲ್ಲ. ಅರ್ಧ ಎಕರೆಯಿಂದ ಶುರುಮಾಡಿದವರಿಗೆ ಸಾಮಾನ್ಯವಾಗಿ ಮೊದಲು ಕೊರತೆಯಾಗುವುದು ಕೊಯ್ಲಿಗೆ ಬೇಕಾದ ಕೈಗಳು. ಜಾಗದ ಕೊರತೆ ಕಾಣಿಸುವುದು ಎಷ್ಟೋ ಕಾಲದ ಮೇಲೆ.

ಮೊದಲ ವರ್ಷ ಏನನ್ನು ಬೆಳೆಯಬೇಕು?

ಹತ್ತು ಹನ್ನೆರಡು ಬೆಳೆಗಳಿಗಿಂತ ಹೆಚ್ಚು ಹಿಡಿಯಬೇಡಿ. ಬೀಜದ ಪಟ್ಟಿ ಕೈಯಲ್ಲಿದ್ದಾಗ ಈ ಸಲಹೆ ಯಾರ ಕಿವಿಗೂ ಬೀಳುವುದಿಲ್ಲ ಎಂಬುದು ಬೇರೆ ಮಾತು. ಬೇಗ ಕೈಗೆ ಬರುವವು, ಸಾಗಣೆಯಲ್ಲಿ ಬಾಡುವುದರಿಂದ ದೂರದ ವ್ಯಾಪಾರಿಗಳು ಸರಿಯಾಗಿ ಕೊಡಲಾಗದವು, ಸಣ್ಣ ಜಾಗದಲ್ಲಿ ಹೆಚ್ಚು ಹಣ ತರುವವು, ಇವು ಮೂರೂ ಸೇರುವ ಕಡೆ ನಿಮ್ಮ ಆರಂಭದ ಪಟ್ಟಿ ಇರಲಿ. ಲೆಟ್ಯೂಸ್ ಹಾಗೂ ಸಾಸಿವೆ ಜಾತಿಯ ಎಳೆ ಎಲೆಗಳು ಬೆಚ್ಚನೆಯ ಹವೆಯಲ್ಲಿ ನಾಲ್ಕೈದು ವಾರದೊಳಗೆ ಕೊಯ್ಲಿಗೆ ಬರುತ್ತವೆ. ಚಿಕ್ಕ ಮೂಲಂಗಿಗೆ 25ರಿಂದ 30 ದಿನ ಸಾಕು. ತುಳಸಿ ಜಾತಿಯ ಬೇಸಿಲ್, ಹುಳಿ ರುಚಿಯ ಸೋರೆಲ್, ಪಾರ್ಸ್ಲಿಯಂಥ ಸುವಾಸನೆಯ ಸೊಪ್ಪುಗಳನ್ನು ಒಂದು ಸಲ ನೆಟ್ಟರೆ ಹಲವು ಸಲ ಕೊಯ್ಯಬಹುದು. ಗೆಡ್ಡೆಕೋಸು, ದೊಡ್ಡ ಎಲೆಕೋಸು, ಆಲೂಗಡ್ಡೆಗಳನ್ನು ದೊಡ್ಡ ರೈತರಿಗೇ ಬಿಡುವುದು ಒಳ್ಳೆಯದು. ಅವರ ಬೆಲೆಗೆ ಪುಟ್ಟ ತೋಟ ಎಂದೂ ಸಮ ನಿಲ್ಲುವುದಿಲ್ಲ.

ಅದೇ ಪಟ್ಟಿಗೆ ಬಾಣಸಿಗರೇ ಕೇಳಿದ ಒಂದೆರಡು ವಿಶೇಷಗಳನ್ನು ಸೇರಿಸಿ, ಅವುಗಳನ್ನು ಚಿಕ್ಕ ತುಂಡು ಮಡಿಯಲ್ಲಿ ಪರೀಕ್ಷಿಸಿ. ಕೇಳಿದ ಬಾಣಸಿಗರು ಕೊಳ್ಳುತ್ತಾರೆ ಎಂದು ನಂಬಿ ಇಡೀ ಮಡಿ ಬಿತ್ತಬೇಡಿ. ಬೆಳೆ ಬರುವ ಹೊತ್ತಿಗೆ ಮೆನು ಬದಲಾಗಿರುವ ಸಾಧ್ಯತೆ ಯಾವಾಗಲೂ ಇರುತ್ತದೆ.

ವಾರ ವಾರವೂ ಒಂದೇ ಹದದ ಮಾಲು ಸಿಗುವಂತೆ ಬಿತ್ತನೆ ಹೇಗೆ?

ಇಡೀ ಕೆಲಸದ ಬೆನ್ನೆಲುಬು ಇದು. ಕೊಯ್ಲಿನ ದಿನವನ್ನು ಮೊದಲು ಬರೆದುಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಒಂದು ಎಳೆ ಸೊಪ್ಪಿಗೆ 30 ದಿನ ಬೇಕು, ಅದು ಒಳ್ಳೆಯ ಹದದಲ್ಲಿ ನಿಲ್ಲುವುದು ಒಂದು ವಾರ ಎಂದಾದರೆ, ವಾರಕ್ಕೊಮ್ಮೆ ಬಿತ್ತಲೇಬೇಕು. ಎಂದರೆ ಯಾವುದೇ ದಿನ ನೋಡಿದರೂ ಆ ಸೊಪ್ಪಿನ ನಾಲ್ಕೈದು ವಯಸ್ಸಿನ ಪಾತಿಗಳು ತೋಟದಲ್ಲಿರಬೇಕು. ಮೂಲಂಗಿಯಂಥ ಬೆಳೆ ಬಿಸಿಲಿನ ದಿನಗಳಲ್ಲಿ ಎಳೆಯ ಹದದಲ್ಲಿ ಮೂರು ನಾಲ್ಕು ದಿನ ಮಾತ್ರ ನಿಲ್ಲುವುದರಿಂದ, ಅದನ್ನು ವಾರಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪವೇ ಬಿತ್ತುವುದು ಲೇಸು.

ತೊಡಕು ಬರುವುದು ಋತು ತಿರುಗುವಾಗ. ಹವೆ ತಂಪಾಗಿ ಹಗಲು ಕುಗ್ಗುತ್ತಿದ್ದಂತೆ 30 ದಿನದ ಬೆಳೆ 40, 50 ದಿನ ತೆಗೆದುಕೊಳ್ಳುತ್ತದೆ. ಸಮಭಾಜಕದಿಂದ ದೂರದ ಪ್ರದೇಶಗಳಲ್ಲಿ ಹಗಲಿನ ಅವಧಿ ಹತ್ತು ತಾಸಿಗಿಂತ ಕೆಳಗಿಳಿದರೆ ಬೆಳವಣಿಗೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ಹೀಗಾಗಿ ತಂಪುಗಾಲಕ್ಕೆ ಹೋಗುವಾಗ ಬಿತ್ತನೆಗಳ ನಡುವಿನ ಅಂತರವನ್ನು ಕಿರಿದು ಮಾಡಬೇಕು, ಬೆಚ್ಚಗಿನ ಕಾಲಕ್ಕೆ ಬರುವಾಗ ಹಿಗ್ಗಿಸಬೇಕು. ಇದನ್ನು ತಿರುವುಮುರುವು ಮಾಡಿದರೆ ಒಂದು ವಾರ ಮಡಿಗಳೆಲ್ಲ ಖಾಲಿಯಿದ್ದು, ಮುಂದಿನ ವಾರ ಮೂರು ಬಿತ್ತನೆಗಳು ಒಟ್ಟಿಗೆ ಕೊಯ್ಲಿಗೆ ನಿಲ್ಲುತ್ತವೆ. ಬಿತ್ತಿದ ದಿನ, ಮೊಳೆತ ದಿನ, ಮೊದಲ ಮತ್ತು ಕಡೆಯ ಕೊಯ್ಲಿನ ದಿನ, ಇಷ್ಟನ್ನು ತಪ್ಪದೆ ದಾಖಲಿಸಿದ ತೋಟಕ್ಕೆ ಎರಡನೆಯ ವರ್ಷದಿಂದ ಬೇರೆ ಯಾವ ಕೈಪಿಡಿಯೂ ಬೇಕಾಗುವುದಿಲ್ಲ.

ಮೈಕ್ರೋಗ್ರೀನ್ಸ್ ಮತ್ತು ಮೊಳಕೆಕಾಳು ಎರಡೂ ಒಂದೇ ಅಲ್ಲವೇ?

ಒಂದೇ ಅಲ್ಲ, ಆಹಾರ ಸುರಕ್ಷತೆಯ ದೃಷ್ಟಿಯಿಂದಂತೂ ಈ ವ್ಯತ್ಯಾಸ ಬಹಳ ದೊಡ್ಡದು. ಮೊಳಕೆಯನ್ನು ಬೆಚ್ಚಗಿನ ತೇವದಲ್ಲಿ, ಬೆಳಕಿಲ್ಲದೆ, ಮುಚ್ಚಿದ ಪಾತ್ರೆಯಲ್ಲಿ ಬರಿಸಿ ಬೇರು ಬೀಜ ಸಮೇತ ತಿನ್ನುತ್ತಾರೆ; ಬೀಜದ ಮೇಲೆ ರೋಗಾಣುವೇನಾದರೂ ಇದ್ದರೆ ಅದು ಕೋಟಿಗಟ್ಟಲೆ ಬೆಳೆಯಲು ಅದೇ ಹವೆ ಸಾಕು. 2011ರಲ್ಲಿ ಜರ್ಮನಿಯಲ್ಲಿ 50ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಇ. ಕೋಲಿ ಸೋಂಕಿನ ಜಾಡು ಕೊನೆಗೆ ಮೆಂತ್ಯದ ಮೊಳಕೆಗೆ ಹೋಗಿ ಮುಟ್ಟಿತು. ಮೈಕ್ರೋಗ್ರೀನ್ಸ್ ಬೆಳಕು, ಗಾಳಿಯಲ್ಲಿ ಬಿತ್ತನೆಯ ತಟ್ಟೆಯಲ್ಲಿ ಬೇರಿಗಾಗಿ ಹರಡಿದ ಮಾಧ್ಯಮದ ಮೇಲೆ ಬೆಳೆದು, ಬೀಜದೆಲೆ ಬಿಚ್ಚಿದಾಗ ಅಥವಾ ಮೊದಲ ನಿಜ ಎಲೆ ಇಣುಕಿದಾಗ ಬುಡದ ಮೇಲೆ ಕತ್ತರಿಸಲ್ಪಡುತ್ತವೆ. ಅಪಾಯ ಕಡಿಮೆ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ: ಬಳಸಿದ ತಟ್ಟೆಗಳನ್ನು ತೊಳೆದು ಸೋಂಕು ನಿವಾರಿಸಬೇಕು, ನೀರು ಕುಡಿಯಲು ಯೋಗ್ಯವಾಗಿರಬೇಕು, ರಾಸಾಯನಿಕ ಲೇಪವಿರುವ ಬಿತ್ತನೆ ಬೀಜವನ್ನು ಎಂದಿಗೂ ಬಳಸಬಾರದು.

ಮೂಲಂಗಿ, ಸಾಸಿವೆ, ಕೋಸಿನ ಜಾತಿಗಳು ಒಂದರಿಂದ ಎರಡು ವಾರದಲ್ಲಿ ಸಿದ್ಧವಾಗುತ್ತವೆ. ಬೇಸಿಲ್, ಕೊತ್ತಂಬರಿಗೆ ಮೂರು ವಾರದವರೆಗೂ ಹಿಡಿಯಬಹುದು. ಕತ್ತರಿಸದೆ ತಟ್ಟೆ ಸಮೇತ ಒಯ್ದು ಕೊಟ್ಟರೆ ಅಡುಗೆಮನೆಯವರು ಬೇಕಾದಾಗ ಬೇಕಾದಷ್ಟು ಕತ್ತರಿಸಿಕೊಳ್ಳುತ್ತಾರೆ, ಬಾಡುವ ಚಿಂತೆಯೂ ತಪ್ಪುತ್ತದೆ.

ತಿನ್ನುವ ಹೂಗಳನ್ನು ಬೆಳೆಯುವಾಗ ಏನು ಎಚ್ಚರ ಬೇಕು?

ಅಂದವಾಗಿರುವುದೆಲ್ಲ ತಿನ್ನುವಂಥದ್ದಲ್ಲ. ನಾಸ್ಟರ್ಷಿಯಂ, ಬೊರೇಜ್, ವಯೋಲ, ಕ್ಯಾಲೆಂಡುಲ, ಬಟಾಣಿ ಮತ್ತು ಬೇಸಿಲ್ ಹೂಗಳು ತಟ್ಟೆಗೆ ಸಲ್ಲುತ್ತವೆ. ಕಣಗಿಲೆ, ದತ್ತೂರ, ಫಾಕ್ಸ್‌ಗ್ಲೋವ್ ವಿಷಕಾರಿ. ತರಕಾರಿ ಬಟಾಣಿಯ ಹೂ ತಿನ್ನಬಹುದು, ಆದರೆ ಅಲಂಕಾರಕ್ಕೆ ಬೆಳೆಸುವ ಸ್ವೀಟ್ ಪೀ ವಿಷಕಾರಿ; ನೋಡುವುದಕ್ಕೆ ಎರಡೂ ಅಕ್ಕತಂಗಿಯರಂತಿರುವುದರಿಂದ ಅವನ್ನು ಒಂದೇ ತೋಟದಲ್ಲಿ ಬೆಳೆಯದಿರುವುದೇ ಕ್ಷೇಮ. ಸಸ್ಯಶಾಸ್ತ್ರೀಯ ಹೆಸರು ಖಚಿತವಾಗದ ಯಾವ ಹೂವನ್ನೂ ಅಡುಗೆಮನೆಗೆ ಕಳಿಸಬೇಡಿ. ಅಲಂಕಾರದ ನರ್ಸರಿಯಿಂದ ತಂದ ಗಿಡದ ಹೂವನ್ನೂ ಕಳಿಸಬೇಡಿ, ಅವಕ್ಕೆ ತಿನ್ನುವ ಬೆಳೆಗೆ ಹೊಡೆಯಬಾರದ ಔಷಧ ಸಿಂಪಡಿಸಿರುತ್ತಾರೆ.

ಕುಂಬಳ ಜಾತಿಯ ಹೂ ಬೆಳಗಿನ ಜಾವ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡಿಕೊಳ್ಳುತ್ತದೆ. ತೆಳ್ಳನೆಯ ಉದ್ದ ತೊಟ್ಟಿನ ಗಂಡು ಹೂವನ್ನು ಅರ್ಧ ಅರಳಿದಾಗಲೇ ತೊಟ್ಟು ನಾಲ್ಕು ಬೆರಳಷ್ಟು ಇರುವಂತೆ ಕತ್ತರಿಸಿ, ಒಳಗೆ ಜೇನ್ನೊಣ ಮಲಗಿದೆಯೇ ಎಂದು ಬಗ್ಗಿ ನೋಡಿ, ಒಂದೇ ಪದರದಲ್ಲಿ, ಎಸಳು ಎಸಳಿಗೆ ಉಜ್ಜದಂತೆ ಜೋಡಿಸಬೇಕು. ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂ ಬೇಕೆನ್ನುವ ಬಾಣಸಿಗರಿಗೆ ಹೆಚ್ಚಿನ ಬೆಲೆ ಹೇಳುವುದು ನ್ಯಾಯ, ಏಕೆಂದರೆ ನೀವು ಕೊಡುತ್ತಿರುವುದು ಒಂದು ಕಾಯಿಯನ್ನೇ.

ಸುಸ್ಥಿರ ತೋಟದಲ್ಲಿ ಮಣ್ಣಿನ ನಿರ್ವಹಣೆ ಹೇಗಿರಬೇಕು?

ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುವ ಮಡಿಯಿಂದ ಅಷ್ಟು ಸತ್ವವೂ ಹೊರಗೆ ಹೋಗುತ್ತದೆ; ಅದನ್ನು ತುಂಬುವ ಮೊದಲ ದಾರಿ ಕಾಂಪೋಸ್ಟ್. ಇಂಗಾಲ ಮತ್ತು ಸಾರಜನಕ ಸುಮಾರು 25ರಿಂದ 30ಕ್ಕೆ ಒಂದರ ಪ್ರಮಾಣದಲ್ಲಿದ್ದರೆ ರಾಶಿ ಚೆನ್ನಾಗಿ ಕಾಯುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಹಾಕುವ ಗೊಬ್ಬರ ಸರಿಯಾಗಿ ಕಾದಿರಲೇಬೇಕು. ಅಮೆರಿಕದ ಸಾವಯವ ನಿಯಮಾವಳಿಯ ಪ್ರಕಾರ ಸಾಲು ರಾಶಿಯಲ್ಲಿ 55ರಿಂದ 77 ಡಿಗ್ರಿ ಸೆಲ್ಸಿಯಸ್ ತಾಪವು 15 ದಿನ ಇರಬೇಕು, ಆ ಅವಧಿಯಲ್ಲಿ ಐದು ಸಲವಾದರೂ ರಾಶಿಯನ್ನು ಮಗುಚಬೇಕು. ಕಾಯಿಸದ ಹಸಿ ಗೊಬ್ಬರ ಹಾಕಿದ್ದರೆ, ಮಣ್ಣಿಗೆ ತಾಗುವ ಬೆಳೆಯನ್ನು 120 ದಿನ, ತಾಗದ ಬೆಳೆಯನ್ನು 90 ದಿನ ಕಳೆಯುವವರೆಗೆ ಕೊಯ್ಯುವಂತಿಲ್ಲ. ನೀವು ಆ ದೇಶದಲ್ಲಿಲ್ಲದಿದ್ದರೂ ಈ ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಕಾಂಪೋಸ್ಟ್ ಹೆಚ್ಚಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಮಾತ್ರ ಪೂರ್ತಿ ಸರಿಯಲ್ಲ. ಬೆಳೆಗೆ ಬೇಕಾದ ಸಾರಜನಕವನ್ನೆಲ್ಲ ಕೊಟ್ಟಿಗೆ ಗೊಬ್ಬರದ ಕಾಂಪೋಸ್ಟಿನಿಂದಲೇ ಕೊಡಹೊರಟರೆ ರಂಜಕ ಅಗತ್ಯಕ್ಕಿಂತ ಹೆಚ್ಚಾಗಿ ಮಣ್ಣಿನಲ್ಲಿ ಶೇಖರವಾಗುತ್ತಾ ಹೋಗಿ, ಮಳೆಯಲ್ಲಿ ಕೊಚ್ಚಿಹೋದಾಗ ಕೆರೆ ಹಳ್ಳಗಳನ್ನು ಕೆಡಿಸುತ್ತದೆ. ಆದ್ದರಿಂದ ಪ್ರತಿ ವರ್ಷ ಕೆಲವು ಮಡಿಗಳಿಗೆ ರಜೆ ಕೊಟ್ಟು, ದ್ವಿದಳ ಜಾತಿಯ ಹಸಿರೆಲೆ ಗೊಬ್ಬರದ ಬೆಳೆ ಹಾಕಿ ಗಾಳಿಯಿಂದಲೇ ಸಾರಜನಕ ದುಡಿಸಿಕೊಳ್ಳಬೇಕು. ಎರಡು ಮೂರು ವರ್ಷಕ್ಕೊಮ್ಮೆಯಾದರೂ ಮಣ್ಣು ಪರೀಕ್ಷೆ ಮಾಡಿಸಬೇಕು. ಮಣ್ಣನ್ನು ಪದರ ಮಗುಚದೆ ಅಗಲ ಮುಳ್ಳುಗೋಲಿನಿಂದ ಸಡಿಲಿಸಿದರೆ ಸಾಕಾಗುತ್ತದೆ, ಕಳೆ ಹೆಚ್ಚಿದ ಮಡಿಯನ್ನು ಬೆಚ್ಚಗಿನ ಕಾಲದಲ್ಲಿ ಕಪ್ಪು ಹೊದಿಕೆಯ ಕೆಳಗೆ ನಾಲ್ಕಾರು ವಾರ ಮುಚ್ಚಿಟ್ಟರೆ ಮೊಳೆತ ಕಳೆ ಬೆಳಕಿಲ್ಲದೆ ಸಾಯುತ್ತದೆ. ಸಸಿ ತಟ್ಟೆಗೆ ಪೀಟ್ (ಜವುಗು ನೆಲದಿಂದ ತೆಗೆದ ಅರೆಕೊಳೆತ ಸಸ್ಯದ ಪುಡಿ) ಬದಲು ಲವಣ ತೊಳೆದ ತೆಂಗಿನ ನಾರಿನ ಪುಡಿ, ಜರಡಿ ಹಿಡಿದ ಕಾಂಪೋಸ್ಟ್ ಬಳಸಬಹುದು; ಪೀಟ್ ತೆಗೆಯುವ ಜವುಗು ನೆಲಗಳು ಸಾವಿರಾರು ವರ್ಷಗಳ ಇಂಗಾಲದ ಉಗ್ರಾಣಗಳು.

ಒಂದೂ ತೂತಿಲ್ಲದ ಎಲೆ ಬೇಕೆನ್ನುತ್ತಾರೆ. ಔಷಧವಿಲ್ಲದೆ ಕೀಟ ತಡೆಯುವುದು ಹೇಗೆ?

ಬಿತ್ತಿದ ದಿನವೇ ಬಲೆ ಹೊದಿಸಿ. ಸಾಸಿವೆ ಜಾತಿಯ ಎಲೆಗೆ ಗುಂಡುಪಿನ್ನಿನಿಂದ ಚುಚ್ಚಿದಂತೆ ತೂತು ಮಾಡುವ ಚಿಗಟ ಜೀರುಂಡೆ ಒಳನುಗ್ಗದಿರಲು 0.8 ಮಿಲಿಮೀಟರಿಗಿಂತ ದೊಡ್ಡದಲ್ಲದ ಕಣ್ಣಿನ ಬಲೆ ಬೇಕು, ಅಂಚುಗಳನ್ನು ಮಣ್ಣಿನಲ್ಲಿ ಹೂಳಬೇಕು. ಕೀಟ ಕಂಡ ಮೇಲೆ ಹೊದಿಸಿದರೆ ಅವಕ್ಕೆ ಮನೆ ಕಟ್ಟಿಕೊಟ್ಟಂತಾಗುತ್ತದೆ. ಸಾರಜನಕ ಅತಿಯಾದರೆ ಎಲೆ ಮೆತ್ತಗಾಗಿ ಗಿಡಹೇನು ಹೆಚ್ಚುತ್ತದೆ ಎಂಬುದನ್ನೂ ನೆನಪಿಡಿ. ಸ್ವಲ್ಪ ತೂತಿದ್ದರೂ ರುಚಿಗೆ ಕೊರತೆಯಿಲ್ಲ ಎಂಬ ವಾದ ಸತ್ಯವೇ ಆದರೂ ತಟ್ಟೆಯ ಮೇಲೆ ಬಿಡಿಯಾಗಿ ಇಡುವ ಎಲೆಯ ವಿಷಯದಲ್ಲಿ ಬಾಣಸಿಗರ ಎದುರು ಅದನ್ನು ಹೂಡದಿರುವುದೇ ಒಳ್ಳೆಯದು. ತೂತು ಬಿದ್ದ ಎಲೆಯನ್ನು ಬೇಯಿಸುವ ಸೊಪ್ಪಾಗಿ ಕಡಿಮೆ ಬೆಲೆಗೆ ಕೊಡಬಹುದು.

ಸಾವಯವ ಪ್ರಮಾಣಪತ್ರ ಕಡ್ಡಾಯವೇ?

ನೇರ ಮಾರಾಟದಲ್ಲಿ ತೋಟವನ್ನು ಬಂದು ನೋಡಿದ ಬಾಣಸಿಗರಿಗೆ ಅದು ಅಷ್ಟು ಮುಖ್ಯವಾಗುವುದಿಲ್ಲ. ಆದರೆ ಪ್ರಮಾಣಪತ್ರವಿಲ್ಲದೆ ‘ಸಾವಯವ’ ಎಂದು ಮುದ್ರಿಸುವುದಕ್ಕೆ ಅನೇಕ ದೇಶಗಳ ಕಾನೂನಿನಲ್ಲಿ ನಿರ್ಬಂಧವಿದೆ, ಭೂಮಿಯನ್ನು ಸಾವಯವ ಕೃಷಿಗೆ ಹೊರಳಿಸಲು ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಸಣ್ಣ ರೈತರು ಪರಸ್ಪರ ತೋಟಗಳನ್ನು ಪರಿಶೀಲಿಸಿಕೊಳ್ಳುವ ಸಹಭಾಗಿತ್ವದ ಖಾತರಿ ಪದ್ಧತಿ ಹಲವೆಡೆ ಇದ್ದು, ಖರ್ಚು ಕಡಿಮೆ.

ರುಚಿಯನ್ನು ನಿಜವಾಗಿ ನಿರ್ಧರಿಸುವುದು ಯಾವುದು?

ತಳಿ, ಮಣ್ಣು, ನೀರು, ಕೊಯ್ಲಿನ ಹೊತ್ತು ಎಲ್ಲವೂ ಹೌದು, ಆದರೆ ಅವುಗಳ ತೂಕ ಬೆಳೆಯಿಂದ ಬೆಳೆಗೆ ಬೇರೆ. ಸಿಹಿ ಜೋಳ ಮತ್ತು ಹಸಿ ಬಟಾಣಿಯಲ್ಲಿ ಕಿತ್ತ ಕ್ಷಣದಿಂದ ಸಕ್ಕರೆ ಪಿಷ್ಟವಾಗತೊಡಗುವುದರಿಂದ ಹೊತ್ತೇ ಎಲ್ಲ. ಕ್ಯಾರೆಟ್ಟು ಚಳಿಗೆ ಸಿಕ್ಕಿದರೆ ಪಿಷ್ಟವನ್ನು ಸಕ್ಕರೆಯಾಗಿಸಿಕೊಂಡು ಸಿಹಿಯಾಗುತ್ತದೆ. ಟೊಮೆಟೊ ಹಣ್ಣಾಗುವಾಗ ನೀರನ್ನು ಕಡಿಮೆ ಮಾಡಿದರೆ ಗಾತ್ರ ಕುಗ್ಗಿ ರುಚಿ ಸಾಂದ್ರವಾಗುತ್ತದೆ. 2001ರಲ್ಲಿ ತಮ್ಮ ಪ್ಯಾರಿಸ್ ರೆಸ್ಟೋರೆಂಟಿನ ಮೆನುವಿನಿಂದ ಕೆಂಪು ಮಾಂಸವನ್ನು ಕೈಬಿಟ್ಟ ಬಾಣಸಿಗ ಅಲೈನ್ ಪಸಾರ್, ಬೇರೆ ಬೇರೆ ಬಗೆಯ ಮಣ್ಣಿರುವ ಕಡೆಗಳಲ್ಲಿ ಸ್ವಂತ ತೋಟಗಳನ್ನು ಮಾಡಿ, ಯಾವ ತರಕಾರಿಗೆ ಯಾವ ಮಣ್ಣು ಎಂದು ಹಂಚಿದರು. ತಳಿಯ ಮಾತಿಗೆ ಬಂದರೆ, ಬಾಣಸಿಗ ಡ್ಯಾನ್ ಬಾರ್ಬರ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಮೈಕಲ್ ಮಝೂರೆಕ್ ಅವರ ಒಡನಾಟದಿಂದ ಹನಿನಟ್ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ, ಹೆಚ್ಚು ಸಿಹಿಯಾದ ಕುಂಬಳ ಜನಪ್ರಿಯವಾಯಿತು. ತಳಿಯ ಆಯ್ಕೆಯಲ್ಲಿ ಇಳುವರಿಯನ್ನು ಹಿಂದಿಟ್ಟು ರುಚಿಯನ್ನು ಮುಂದಿಟ್ಟ ಫಲ ಅದು.

ಕೊಯ್ದ ಮೇಲೆ ತಾಜಾತನ ಉಳಿಸುವುದು ಹೇಗೆ?

ಕಿತ್ತ ಎಲೆಯೂ ಉಸಿರಾಡುತ್ತಿರುತ್ತದೆ, ತಾಪ ಹತ್ತು ಡಿಗ್ರಿ ಏರಿದರೆ ಆ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತದೆ. ಹಾಗಾಗಿ ಸೊಪ್ಪನ್ನು ಬೆಳಗಿನ ತಂಪಿನಲ್ಲಿ ಕೊಯ್ದು, ಕೂಡಲೇ ನೆರಳಿಗೆ ತಂದು, ಶುದ್ಧವಾದ ತಣ್ಣೀರಿನಲ್ಲಿ ಅದ್ದಿ ಹೊಲದ ಕಾವನ್ನು ಇಳಿಸಬೇಕು. ಅದ್ದುವ ನೀರನ್ನು ಆಗಾಗ ಬದಲಿಸಿ, ಇಲ್ಲದಿದ್ದರೆ ಒಂದು ಎಲೆಯ ಕೊಳೆ ಇಡೀ ಕೊಯ್ಲಿಗೆ ಹರಡುತ್ತದೆ. ನಂತರ ನೀರು ಹೋಗುವಂತೆ ತಿರುಗಿಸಿ ಒಣಗಿಸಬೇಕು. ಎಲೆಯ ಮೇಲೆ ನಿಂತ ನೀರೇ ಡಬ್ಬಿಯೊಳಗಿನ ಕೊಳೆತಕ್ಕೆ ಮೂಲ.

ಬಹುತೇಕ ಸೊಪ್ಪುಗಳಿಗೆ 0ಯಿಂದ 2 ಡಿಗ್ರಿ ತಾಪ, ಶೇಕಡಾ 95ರ ಹತ್ತಿರದ ಆರ್ದ್ರತೆ ಹಿಡಿಸುತ್ತದೆ. ಅದೇ ಕೋಣೆಯಲ್ಲಿ ಬೇಸಿಲ್ ಇಟ್ಟರೆ ಮರುದಿನಕ್ಕೆ ಕಪ್ಪಾಗುತ್ತದೆ, ಏಕೆಂದರೆ ಅದಕ್ಕೆ 10 ಡಿಗ್ರಿಗಿಂತ ಕೆಳಗಿನ ಚಳಿ ತಡೆಯದು; ಸೌತೆ, ಬದನೆ, ಟೊಮೆಟೊಗಳೂ ಅತಿ ತಂಪಿಗೆ ಕೆಡುತ್ತವೆ. ಹಣ್ಣಾಗುವ ಟೊಮೆಟೊ, ಸೇಬುಗಳು ಬಿಡುವ ಎಥಿಲೀನ್ ಅನಿಲ ಸೊಪ್ಪನ್ನು ಹಳದಿಯಾಗಿಸುತ್ತದೆ, ಕ್ಯಾರೆಟ್ಟನ್ನು ಕಹಿ ಮಾಡುತ್ತದೆ. ಆದ್ದರಿಂದ ಎರಡು ತಾಪದ ಎರಡು ಜಾಗಗಳಾದರೂ ಬೇಕು. ದೊಡ್ಡ ಶೀತಲಗೃಹ ಕಟ್ಟಿಸಲಾಗದವರು ಶಾಖನಿರೋಧಕ ಹಾಕಿದ ಚಿಕ್ಕ ಕೋಣೆಗೆ ಸಾಮಾನ್ಯ ಏರ್ ಕಂಡೀಷನರ್ ಕೂರಿಸಿ, ಅದನ್ನು ಮಾಮೂಲಿ ಮಿತಿಗಿಂತ ಕೆಳಗೆ ಓಡಿಸುವ ನಿಯಂತ್ರಕ ಸಾಧನದಿಂದ ಕೆಲಸ ಸಾಗಿಸುತ್ತಾರೆ. ಡಬ್ಬಿಯ ಮೇಲೆ ಬೆಳೆಯ ಹೆಸರು, ಕೊಯ್ದ ದಿನಾಂಕ, ಮಡಿಯ ಸಂಖ್ಯೆ ಬರೆದಿರಲಿ. ದೂರು ಬಂದಾಗ ಮೂಲ ಹುಡುಕಲು ಅದೊಂದೇ ದಾರಿ. ಸಾಗಣೆಗೆ ತೊಳೆದು ಮರಳಿ ಬಳಸುವ ಕ್ರೇಟುಗಳೇ ಸಾಕು.

ಬಾಣಸಿಗರನ್ನು ಮೊದಲು ಭೇಟಿಯಾಗುವುದು ಯಾವಾಗ, ಹೇಗೆ?

ಊಟದ ಹೊತ್ತಿನಲ್ಲಿ ಎಂದಿಗೂ ಹೋಗಬೇಡಿ, ಫೋನನ್ನೂ ಮಾಡಬೇಡಿ. ಮಧ್ಯಾಹ್ನದ ಊಟ ಮುಗಿದು ರಾತ್ರಿಯ ತಯಾರಿ ಬಿಗಿಯಾಗುವ ಮುಂಚಿನ ಬಿಡುವಿನಲ್ಲಿ, ಮಾದರಿಯ ಡಬ್ಬಿ ಹಿಡಿದು ಹಿಂಬಾಗಿಲಿನಿಂದ ಹೋಗಿ. ಡಬ್ಬಿಯಲ್ಲಿ ಇಂದು ಇರುವುದನ್ನಷ್ಟೇ ಇಡಿ. ಮುಂದಿನ ತಿಂಗಳಿಂದ ವಾರ ವಾರವೂ ಕೊಡಲಾಗದ ಬೆಳೆಯ ಸೊಗಸಾದ ಮಾದರಿ ತೋರಿಸಿದರೆ ಆಸೆ ಹುಟ್ಟಿಸಿ ಕೈಬಿಟ್ಟಂತಾಗುತ್ತದೆ. ಆಮೇಲೆ ವಾರಕ್ಕೊಮ್ಮೆ ನಿಗದಿತ ದಿನ ಲಭ್ಯತೆಯ ಪಟ್ಟಿ ಕಳಿಸಬೇಕು: ಏನು, ಎಷ್ಟು, ಯಾವ ಗಾತ್ರ, ಯಾವ ಬೆಲೆ, ಆರ್ಡರಿಗೆ ಕಡೆಯ ಗಡುವು ಯಾವಾಗ. ಮುಂದಿನ ಎರಡು ವಾರದಲ್ಲಿ ಬರಲಿರುವುದನ್ನೂ ಕೆಳಗೆ ಬರೆದರೆ ಮೆನು ಯೋಚಿಸುವವರಿಗೆ ಅನುಕೂಲ. ಬಾಣಸಿಗರನ್ನು ವರ್ಷಕ್ಕೊಮ್ಮೆ ತೋಟಕ್ಕೆ ಕರೆಯಿರಿ. ಹೂಬಿಟ್ಟ ಕೊತ್ತಂಬರಿಯನ್ನೋ ಮೂಲಂಗಿಯ ಹಸಿ ಕಾಯಿಯನ್ನೋ ಕಿತ್ತು ಬಾಯಿಗೆ ಹಾಕಿಕೊಂಡು, ನೀವು ಕಿತ್ತೆಸೆಯಬೇಕೆಂದಿದ್ದನ್ನು ಅವರು ಕೊಳ್ಳುವುದುಂಟು.

ಬೆಲೆ ನಿಗದಿ ಹೇಗೆ?

ಕೊಯ್ಲಿನ ಹೊತ್ತನ್ನು ಗಡಿಯಾರ ಇಟ್ಟು ಅಳೆಯಿರಿ. ಎಳೆ ಮಾಲಿನಲ್ಲಿ ಬಹುಪಾಲು ಖರ್ಚು ಕೊಯ್ಯುವುದು, ಆಯುವುದು, ತೊಳೆಯುವುದು, ಜೋಡಿಸುವುದರಲ್ಲೇ ಹೋಗುತ್ತದೆ. ಒಬ್ಬರು ಒಂದು ತಾಸಿನಲ್ಲಿ ಎಷ್ಟು ಡಬ್ಬಿ ತುಂಬುತ್ತಾರೆ ಎಂಬುದು ಗೊತ್ತಿಲ್ಲದೆ ಹೇಳಿದ ಬೆಲೆ ಬರಿಯ ಊಹೆ. ಅದಕ್ಕೆ ಬೀಜ, ಮಡಿ ಹಿಡಿದಿಟ್ಟ ವಾರಗಳು, ಸಾಗಣೆ, ಮಾರಾಟವಾಗದೆ ಉಳಿಯುವ ಭಾಗ ಇವನ್ನು ಸೇರಿಸಿ. ಹೂವನ್ನು ಎಣಿಕೆಯಲ್ಲಿ, ಎಳೆ ಗೆಡ್ಡೆಯನ್ನು ಕಟ್ಟಿನಲ್ಲಿ, ಸೊಪ್ಪನ್ನು ತೂಕದಲ್ಲಿ ಮಾರುವುದು ವಾಡಿಕೆ. ಕಟ್ಟಿನ ಗಾತ್ರ ಒಮ್ಮೆ ಹೇಳಿದ ಮೇಲೆ ಬದಲಾಗಬಾರದು. ಸಗಟು ದರವನ್ನು ಎದುರಿಗಿಟ್ಟು ಚೌಕಾಸಿ ಮಾಡುವವರ ಜೊತೆ ವಾದಕ್ಕಿಳಿಯುವ ಅಗತ್ಯವಿಲ್ಲ. ಅವರಿಗೆ ಬೇಕಾದ ಮಾಲು ಸಗಟಿನಲ್ಲೇ ಸಿಗುತ್ತದೆ.

ಹೇಳಿದಷ್ಟು ಬೆಳೆ ಬರದಿದ್ದರೆ?

ಗೊತ್ತಾದ ಗಳಿಗೆಯಲ್ಲೇ ತಿಳಿಸಿ, ಬದಲಿ ಏನು ಕೊಡಬಲ್ಲಿರೆಂದು ಅದೇ ಮಾತಿನಲ್ಲಿ ಹೇಳಿ. ಎರಡು ದಿನ ಮುಂಚೆ ತಿಳಿದರೆ ಬಾಣಸಿಗರು ಮೆನು ತಿದ್ದುತ್ತಾರೆ, ಮಾಲು ಇಳಿಸುವ ಹೊತ್ತಿನಲ್ಲಿ ತಿಳಿದರೆ ಮುಂದಿನ ವಾರದ ಆರ್ಡರ್ ಬೇರೆಯವರಿಗೆ ಹೋಗುತ್ತದೆ. ಆರ್ಡರಿಗಿಂತ ಐದನೆಯ ಒಂದು ಭಾಗ ಹೆಚ್ಚು ಬಿತ್ತುವುದನ್ನು ರೂಢಿ ಮಾಡಿಕೊಂಡರೆ ಇಂಥ ಫೋನುಗಳು ಕಡಿಮೆಯಾಗುತ್ತವೆ.

ಉಳಿದ ಮಾಲನ್ನು ಏನು ಮಾಡುವುದು?

ಹದ ಮೀರಿದ ಎಳೆ ಸೊಪ್ಪನ್ನು ಬೇಯಿಸುವ ಸೊಪ್ಪಾಗಿ, ಬಲಿತ ಮೂಲಂಗಿಯನ್ನು ಉಪ್ಪಿನಕಾಯಿಗೆ, ಹೂಬಿಟ್ಟ ಗಿಡವನ್ನು ಹೂವಿಗಾಗಿ ಮಾರಬಹುದು. ಮನೆಗಳಿಗೆ ವಾರದ ಬುಟ್ಟಿ ಕೊಡುವ ಒಂದು ಚಿಕ್ಕ ಬಳಗವಿದ್ದರೆ ಗಾತ್ರ ತಪ್ಪಿದ್ದೆಲ್ಲ ಅಲ್ಲಿಗೆ ಸಲೀಸಾಗಿ ಹೋಗುತ್ತದೆ. ಅಡುಗೆಮನೆಯ ಹಸಿ ತ್ಯಾಜ್ಯವನ್ನು ಖಾಲಿ ಕ್ರೇಟಿನ ಜೊತೆ ವಾಪಸು ತಂದು ಕಾಂಪೋಸ್ಟಿಗೆ ಸೇರಿಸುವ ಏರ್ಪಾಡನ್ನೂ ಹಲವರು ಮಾಡಿಕೊಂಡಿದ್ದಾರೆ. ಅದರಲ್ಲಿ ಪ್ಲಾಸ್ಟಿಕ್ಕು, ಚಮಚ ಬೆರೆಯದಂತೆ ನೋಡಿಕೊಳ್ಳುವ ಒಬ್ಬರು ಆ ಅಡುಗೆಮನೆಯಲ್ಲೇ ಇರಬೇಕು.

ಎಷ್ಟು ರೆಸ್ಟೋರೆಂಟುಗಳ ಜೊತೆ ವ್ಯವಹರಿಸಬೇಕು, ಬಾಣಸಿಗರು ಕೆಲಸ ಬಿಟ್ಟುಹೋದರೆ ಏನು ಗತಿ?

ಯಾವ ಒಂದು ಅಡುಗೆಮನೆಯೂ ನಿಮ್ಮ ಆದಾಯದ ಕಾಲು ಭಾಗಕ್ಕಿಂತ ಹೆಚ್ಚನ್ನು ಹೊರದಂತೆ ನೋಡಿಕೊಳ್ಳಿ. ರೆಸ್ಟೋರೆಂಟುಗಳು ಮುಚ್ಚುತ್ತವೆ, ಬಾಣಸಿಗರು ಜಾಗ ಬದಲಿಸುತ್ತಾರೆ, ಹೊಸಬರು ತಮ್ಮ ಹಳೆಯ ಸರಬರಾಜುದಾರರನ್ನೇ ಕರೆತರುತ್ತಾರೆ. ಮುಖ್ಯ ಬಾಣಸಿಗರ ಜೊತೆಗೆ ಅವರ ಕೈಕೆಳಗಿನವರ ಪರಿಚಯವೂ ಇರಲಿ. ನಾಳೆ ಬೇರೊಂದು ಅಡುಗೆಮನೆಯ ಜವಾಬ್ದಾರಿ ಹೊರುವವರು ಅವರೇ, ಹೋದಲ್ಲಿಂದ ನಿಮಗೇ ಫೋನ್ ಮಾಡುತ್ತಾರೆ. ಬಾಕಿಯನ್ನು ಎರಡು ವಾರಕ್ಕಿಂತ ಹೆಚ್ಚು ಬೆಳೆಯಗೊಡಬೇಡಿ, ಮುಚ್ಚುವ ಮುನ್ನ ರೆಸ್ಟೋರೆಂಟುಗಳು ಮೊದಲು ತಡ ಮಾಡುವುದು ಸಣ್ಣ ಸರಬರಾಜುದಾರರ ಪಾವತಿಯನ್ನೇ.